ಡೋರೀನಳ ಕಿವಿಯಂತ್ರ

"ಐರಿಸ್, ನೀವೇ ಏನಾದ್ರೂ ಮಾಡ್ಬೇಕು. ನಾಳೆ ಪೊಲೀಸರನ್ನ ಕರೆಸ್ತಾರಂತೆ."

ಕಿವಿಯಂತ್ರಗಳನ್ನು ಪರೀಕ್ಷಿಸುವ ಲೋಸಾ ಬಾಗಿಲಲ್ಲೇ ನಿಂತು ಹೇಳಿದಳು. ಕಣ್ಣಲ್ಲಿ ನೀರಿದ್ದರೂ ಮುಖವನ್ನು ಬೆಳಕಿಗೆ ತಿರುಗಿಸಿ, ನಮಗೆ ತುಟಿ ಕಾಣುವಂತೆ ನಿಧಾನವಾಗಿ ಮಾತಾಡಿದಳು.

ನ್ಯೂಕ್ಯಾಸಲ್ ಬಂದರಿನ ಬಳಿಯ ಶ್ರವಣ ಸಂಶೋಧನಾ ಕೇಂದ್ರದ ಮಹಡಿಯಲ್ಲಿ ಐರಿಸ್ ಪ್ರಿಂಗಲ್ ಮತ್ತು ನಾನು ವಾಸವಾಗಿದ್ದೆವು. ಐರಿಸ್ ಪತ್ತೇದಾರಳಾಗಿ ಪೊಲೀಸ್ ಕೆಲಸ ಮಾಡಿ, ಕಿವಿ ಹೋದ ಮೇಲೆ ನಿವೃತ್ತಳಾದವಳು. ಕೇಂದ್ರದಲ್ಲಿ ಏನು ಕಳೆದರೂ ಜನ ಮೊದಲು ಒತ್ತುತ್ತಿದ್ದುದು ನಮ್ಮ ಬಾಗಿಲ ಗುಂಡಿಯನ್ನೇ. ಆಗ ಒಳಗೆ ದೀಪ ಮಿನುಗುತ್ತಿತ್ತು. ದೀಪ ನಮ್ಮ ಕಣ್ಣಿಗೆ ಬೀಳದಿದ್ದರೆ ಅವಳ ನಾಯಿ ಮಾರ್ಬಲ್ ಇತ್ತು. ಕೆಟಲ್ ಕೂಗಿದರೂ ಗಂಟೆ ಬಾರಿಸಿದರೂ ಅವಳ ಮಂಡಿ ತಟ್ಟಿ, ಸದ್ದು ಬಂದಲ್ಲಿಗೆ ಕರೆದೊಯ್ಯುವುದನ್ನು ಅದಕ್ಕೆ ಕಲಿಸಿದ್ದರು.

ಕಳೆದದ್ದು ಡೋರೀನಳ ಜೋಡಿ ಕಿವಿಯಂತ್ರ. ಸಂಶೋಧನೆಗೆಂದು ಕೇಂದ್ರ ಕೊಟ್ಟಿದ್ದ ಯಂತ್ರಗಳನ್ನು ಎರಡು ವರ್ಷ ಅವಳಷ್ಟು ನಿಷ್ಠೆಯಿಂದ ಯಾರೂ ತೊಟ್ಟಿರಲಿಲ್ಲ. ಹಿಂದಿನ ತಿಂಗಳು ಅವಳು ತೀರಿಕೊಂಡಳು. ಮಂಗಳವಾರ, ನಾವೆಲ್ಲ ಕೇಂದ್ರದಲ್ಲಿ ಚಹಾಕ್ಕೆ ಸೇರುವ ದಿನ, ಅವಳ ಮಗಳು ಯಂತ್ರಗಳನ್ನು ತಂದೊಪ್ಪಿಸಿದಳು. ನಮ್ಮೆದುರಿಗೇ ಲೋಸಾ ಅವುಗಳ ಪುಟ್ಟ ಬ್ಯಾಟರಿ ಬಾಗಿಲುಗಳನ್ನು ಉಗುರಿನಿಂದ ತೆರೆದು ಡಬ್ಬಿಗೆ ಹಾಕಿ, ಪರೀಕ್ಷೆಯ ಸದ್ದಿಲ್ಲದ ಕೋಣೆಗೆ ಹೋದಳು. ನಾವು ಚಹಾ ಕುಡಿದು ಹೊರಟ ಮೇಲೆ ನೋಡಿದರೆ ಡಬ್ಬಿ ಖಾಲಿ. ಬೇರೊಂದು ಕಿವಿಯಂತ್ರ ಕಂಪನಿಯವರು ಲೋಸಾಳನ್ನು ಕೆಲಸಕ್ಕೆ ಕರೆದಿದ್ದರು. ನಿರ್ದೇಶಕ ಹೇಗ್‌ಗೆ ಅವಳನ್ನು ಕಳ್ಳಿ ಎನ್ನಲು ಅಷ್ಟು ಸಾಕಾಯಿತು.

"ಬ್ಯಾಟರಿ ಬಾಗಿಲು ತೆರೆದೇ ಇಟ್ಟಿದ್ದೆ ತಾನೆ?" ಐರಿಸ್ ಕೇಳಿದಳು.

"ಯಾವಾಗ್ಲೂ ಹಾಗೇ. ಮುಚ್ಚಿದ್ರೆ ಆನ್ ಆಗಿಬಿಡುತ್ತಲ್ಲ."

ಐರಿಸ್ ನಾಯಿಯತ್ತ ತಿರುಗಿದಳು. "ನೆಲ್, ಮೊನ್ನೆ ಚಹಾದ ಹೊತ್ತಲ್ಲಿ ಇವನನ್ನ ಯಾಕೆ ಬೈದೆ ನಾನು?"

"ನಿನ್ನ ಮಂಡಿ ತಟ್ಟಿ ತಟ್ಟಿ ಕೋಟು ನೇತುಹಾಕೋ ಗೂಟಗಳ ಹತ್ರ ಎಳೀತಿದ್ದ. ಹೊರಗೆ ಹೋಗೋಕೆ ಹಟ ಮಾಡ್ತಾನೆ ಅಂತ ಬೈದೆ," ಎಂದು ನಾನು ನೆನಪಿಸಿದೆ.

"ಪಾಪ, ಕೆಲಸ ಮಾಡಿ ಬೈಸ್ಕೊಂಡ್ಯಲ್ಲೋ," ಎಂದು ಅವಳು ಮಾರ್ಬಲ್‌ನ ತಲೆ ಸವರಿದಳು.

ಮರುದಿನ ಬೆಳಿಗ್ಗೆ ಚಹಾದ ಕೋಣೆಯಲ್ಲಿ ಎಲ್ಲರನ್ನೂ ಎಂದಿನಂತೆ ದುಂಡಗೆ ಕೂರಿಸಿದಳು: ಹೇಗ್, ಲೋಸಾ, ಯಂತ್ರ ತೊಡುವ ನಾವು ಐದಾರು ಮಂದಿ, ಡೋರೀನಳ ಗಂಡ ಕ್ಲೆಮ್. ಉಕ್ಕಿನ ಕಾರ್ಖಾನೆಯಲ್ಲಿ ಕಿವಿ ಕಳೆದುಕೊಂಡ ಕ್ಲೆಮ್ ಯಂತ್ರವನ್ನು ಮುಟ್ಟಿದವನಲ್ಲ. "ನನ್ ಕಿವಿ ಸರಿಯಾಗೇ ಇದೆ. ಜನ ಗೊಣಗ್ತಾರೆ ಅಷ್ಟೆ," ಎನ್ನುತ್ತಿದ್ದ. ಪ್ರತಿ ಮಂಗಳವಾರ ಹೆಂಡತಿಯೇ ಅವನನ್ನು ಎಳೆದು ತರುತ್ತಿದ್ದಳು. ಅವಳು ಹೋದ ಮೇಲೂ ಬಂದು, ಅವಳ ಖಾಲಿ ಕುರ್ಚಿಯ ಪಕ್ಕದಲ್ಲೇ ಕೂರುತ್ತಿದ್ದ.

"ಮಾರ್ಬಲ್‌ಗೆ ಗೂಟಗಳ ಹತ್ರ ಏನೋ ಕೇಳಿಸ್ತು," ಐರಿಸ್ ಶುರುಮಾಡಿದಳು. "ಅಲ್ಲಿ ಕೋಟುಗಳು ಬಿಟ್ರೆ ಬೇರೇನಿಲ್ಲ. ಆನ್ ಆಗಿರೋ ಕಿವಿಯಂತ್ರನ ಜೇಬಲ್ಲಿ ತುರುಕಿದ್ರೆ ಏನ್ಮಾಡುತ್ತೆ, ಹೇಗ್?"

"ಸಿಳ್ಳೆ ಹಾಕುತ್ತೆ. ತೀರಾ ಸಣ್ಣಗೆ, ಕೀರಲಾಗಿ."

"ಆ ಕೀರಲು ದನಿ ನಮ್ಮಲ್ಲಿ ಯಾರಿಗೂ ಕೇಳಲ್ಲ. ಲೋಸಾಗೆ ಕೇಳುತ್ತೆ. ಅವಳೇ ಕದ್ದಿದ್ರೆ ಸಿಳ್ಳೆ ಹಾಕೋದನ್ನ ಜೇಬಲ್ಲಿ ಬಿಟ್ಟು ಹೋಗ್ತಿದ್ಲಾ? ಇನ್ನು ಯಂತ್ರ ತೊಡೋ ನಾವು. ರಾತ್ರಿ ಅದರ ಬ್ಯಾಟರಿ ಬಾಗಿಲು ತೆರೆದಿಟ್ಟು ಮಲಗೋರು. ಜೇಬಿಗೆ ಹಾಕೋವಾಗ ಯಾರೂ ಅದನ್ನ ಮುಚ್ಚಲ್ಲ. ಹಾಗಾದ್ರೆ ಮುಚ್ಚಿದ್ದು ಯಾರು? ಮುಚ್ಚಿದ್ರೆ ಆನ್ ಆಗುತ್ತೆ ಅಂತ ಗೊತ್ತಿಲ್ಲದೋರು. ಸಿಳ್ಳೆಯೂ ಕೇಳದೋರು."

ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಕಿವಿ ಕೇಳದ ನಮ್ಮಂಥವರಲ್ಲಿ ಯಂತ್ರ ತೊಡದವನು ಅಲ್ಲಿ ಒಬ್ಬನೇ ಇದ್ದ. ಕ್ಲೆಮ್ ಅವಳ ತುಟಿಗಳನ್ನೇ ನೋಡುತ್ತಿದ್ದ. ಆಮೇಲೆ ಕೋಟಿನ ಜೇಬಿಗೆ ಕೈ ಹಾಕಿ, ಕರವಸ್ತ್ರದಲ್ಲಿ ಸುತ್ತಿದ್ದ ಜೋಡಿಯನ್ನು ತೆಗೆದ.

"ಬಾಗಿಲು ಜೋತಾಡ್ತಿತ್ತು. ಬ್ಯಾಟರಿ ಬಿದ್ದುಹೋಗುತ್ತೆ ಅಂತ ಮುಚ್ಚಿದೆ," ಎಂದ. "ಮನೆವರೆಗೂ ಕೂಗ್ತಾ ಇತ್ತಾ?"

"ಬ್ಯಾಟರಿ ಮುಗಿಯೋವರೆಗೂ," ಎಂದಳು ಐರಿಸ್.

"ಲೋಸಾ, ನಿನ್ ತಲೆ ಮೇಲೆ ಬರುತ್ತೆ ಅಂತ ಗೊತ್ತಿರ್ಲಿಲ್ಲ ಕಣಮ್ಮ. ಎರಡು ವರ್ಷದ್ದೆಲ್ಲ ಅದರ ನೆನಪಲ್ಲಿರುತ್ತೆ ಅಂತ ಹೇಗ್ ಹೇಳಿದ್ರಲ್ಲ. ಅವಳ ದನಿ ಇರುತ್ತೇನೋ ಅಂದ್ಕೊಂಡೆ."

ಹೇಗ್ ಎದ್ದು ಲೋಸಾಳ ಕ್ಷಮೆ ಕೇಳಿದ. ಅವಳು ತಲೆಯಾಡಿಸಿ, ಕ್ಲೆಮ್‌ನ ಮುಂದೆ ಮಂಡಿಯೂರಿ ಕುಳಿತಳು.

"ದನಿ ಇರಲ್ಲ, ಕ್ಲೆಮ್. ಎಷ್ಟು ಹೊತ್ತು ಜನರ ಮಾತಿನ ನಡುವೆ ಇದ್ರು, ಎಷ್ಟು ಹೊತ್ತು ಸಂತೆ ಗದ್ದಲದಲ್ಲಿ, ಎಷ್ಟು ಹೊತ್ತು ಸದ್ದೇ ಇಲ್ಲದ ಕಡೆ. ಅಷ್ಟೇ ಇರೋದು."

"ಅದನ್ನಾದ್ರೂ ನೋಡು."

ಅವಳು ಹೊಸ ಬ್ಯಾಟರಿ ಹಾಕಿ, ಕಂಪ್ಯೂಟರಿಗೆ ಜೋಡಿಸಿದಳು. ಪರದೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು.

"ಹೇಳು. ಹೆಚ್ಚು ಹೊತ್ತು ಎಲ್ಲಿದ್ಲು?"

ಲೋಸಾ ಐರಿಸಳತ್ತ ನೋಡಿದಳು. ಐರಿಸ್ ಕಣ್ಣು ತಗ್ಗಿಸಿದಳು. ಆ ಹುಡುಗಿ ಮುಖವನ್ನು ಬೆಳಕಿಗೆ ತಿರುಗಿಸಿ ನಿಧಾನವಾಗಿ ಹೇಳಿದಳು: "ಸದ್ದಿಲ್ಲದ ಕಡೆ."

ಕ್ಲೆಮ್ ಪಕ್ಕದ ಖಾಲಿ ಕುರ್ಚಿಯ ಮೇಲೆ ಕೈ ಇಟ್ಟ.

"ನಾನು ಮನೇಲಿ ಅವಳ ಜೊತೇಲೇ ಇರ್ತಿದ್ನಲ್ಲ," ಎಂದ.