ಪಂಪ್‌ಸೆಟ್ ಕಾರು

ತಪ್ಪು ಮಾಡಿ ಸಿಕ್ಕಿಬಿದ್ದವನು ಒಮ್ಮೊಮ್ಮೆಯಾದರೂ ತಲೆ ತಗ್ಗಿಸುತ್ತಾನೆ. ತಪ್ಪು ಮಾಡುವ ಮೊದಲೇ ಯಾರೋ ತಡೆದರೆ ಮಾತ್ರ ಹಾಗಾಗುವುದಿಲ್ಲ. ಅಂಥವನು ತನ್ನನ್ನು ನಿರಪರಾಧಿಯೆಂದೇ ನಂಬಿಕೊಂಡು, ತಡೆದವನನ್ನು ಜನ್ಮವಿಡೀ ಕ್ಷಮಿಸದೆ ಉಳಿಯುತ್ತಾನೆ. ಹೆಬಳೆಯ ನಾಗಭೂಷಣನು ನರೇಶನನ್ನು ಕ್ಷಮಿಸದೆ ಉಳಿದದ್ದು ಹೀಗೆ.

ನಾಗಭೂಷಣನು ಊರಿನ ಸಹಕಾರಿ ಸಂಘದ ಕಾರ್ಯದರ್ಶಿ. ಸ್ವಾತಂತ್ರ್ಯ ದಿನದಂದು ಶಾಲೆಯ ಅಂಗಳದಲ್ಲಿ ನಿಂತು ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳುವವನು ಅವನೇ. ಯುಗಾದಿಯ ಹೊತ್ತಿಗೆ ಅವನೊಂದು ವಿದ್ಯುತ್ ಕಾರು ಕೊಂಡ. ಊರಿಗೆ ಅದೇ ಮೊದಲನೆಯದು. ಕಾರಿನ ಜೊತೆ ಬಂದ ಚಾರ್ಜರಿನ ಪಿನ್ನುಗಳು ದಪ್ಪದವು. ಜಗಲಿಯ ಸಾಕೆಟ್ಟಿನ ತೂತುಗಳೋ, ಮೊಬೈಲಿಗೂ ಟೇಬಲ್ ಫ್ಯಾನಿಗೂ ಸಾಕಾಗುವಷ್ಟು ಸಣ್ಣವು. ದೊಡ್ಡದನ್ನು ಸಣ್ಣದಕ್ಕೆ ಕೂಡಿಸುವ ಕನ್ವರ್ಟರ್ ಭಟ್ಕಳದ ಪೇಟೆಯಲ್ಲಿ ಸಿಕ್ಕಿತು. ಇಷ್ಟಕ್ಕೆ ಜನ ಏಕೆ ತಲೆ ಕೆಡಿಸಿಕೊಳ್ಳುತ್ತಾರೋ ಎಂದುಕೊಂಡ. ವಾರ ಕಳೆಯುವುದರೊಳಗೆ ಜಗಲಿಯಲ್ಲಿ ಸುಟ್ಟ ವಾಸನೆ ಎದ್ದಿತು. ಕನ್ವರ್ಟರಿನ ಬಿಳಿ ಮೈ ಕರಿದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು.

ಅದನ್ನು ಕಿಸೆಯಲ್ಲಿಟ್ಟುಕೊಂಡು ಅವನು ಗಣಪನ ಚಾದಂಗಡಿಗೆ ಹೋದ. ಊರಿನ ವಯರಿಂಗ್ ಕೆಲಸವನ್ನೆಲ್ಲ ಮಾಡುವ ನರೇಶ ಚಾ ಕುಡಿಯುತ್ತ ಕೂತಿದ್ದ.

ನರೇಶ ಕನ್ವರ್ಟರನ್ನು ತಿರುಗಿಸಿ ನೋಡಿದ. "ಇದೆಂತ ಮಾಡಿದ್ರಿ ಸೆಕ್ರೆಟ್ರಿಯವ್ರೆ? ಹೊಳೆ ನೀರನ್ನ ಬಿದಿರಿನ ಓಟೆಯೊಳಗೆ ಹಾಯ್ಸಿದಂಗೆ ಆತು. ಕಾರು ಅಂದ್ರೆ ಮೊಬೈಲಲ್ಲ, ತಾಸುಗಟ್ಟಲೆ ಬಿಡದೆ ಎಳೀತದೆ. ಕನ್ವರ್ಟರು, ಎಕ್ಸ್‌ಟೆನ್ಶನ್ ಬೋರ್ಡು ಎಂತದೂ ಇದಕ್ಕಾಗೂದಿಲ್ಲ. ಮೀಟರಿಂದ ಬೇರೆ ಲೈನು ಎಳೂಕೆ ಬೇಕು. ದಪ್ಪ ವಾಯರು, ಹದಿನಾರು ಆಂಪಿನ ಸಾಕೆಟ್ಟು, ಅದಕ್ಕೇ ಅಂತ ಬೇರೆ ಅರ್ಥಿಂಗು."

"ಲೈನು ಹೇಗೂ ಉಂಟಲ್ಲ," ಎಂದ ನಾಗಭೂಷಣ. "ಗದ್ದೆ ಪಂಪಿನದು ಶೆಡ್ಡಿನ ಗೋಡೆ ತಾಗಿಯೇ ಹೋಗ್ತದೆ. ಅದರಿಂದ ಕೊಟ್ಟುಬಿಡು."

ಗದ್ದೆಯ ಪಂಪಿಗೆ ಸರಕಾರ ಬಿಲ್ಲು ಹಾಕುವುದಿಲ್ಲವೆಂಬುದು ಅಲ್ಲಿ ಕೂತವರಿಗೆಲ್ಲ ಗೊತ್ತು. ನರೇಶ ಲೋಟ ಕೆಳಗಿಟ್ಟ. "ಅದು ಬೆಳೆಗೆ ಕೊಟ್ಟ ಕರೆಂಟು. ಅದರಿಂದ ನಾ ಕೊಡೂದಿಲ್ಲ."

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಗಣಪನ ನಾಲಿಗೆ ಅವನ ಕೆಟಲಿನಂತೆ, ಮುಚ್ಚಳ ನಿಲ್ಲದ್ದು. "ಕೊಡಾ ಮಾರಾಯಾ, ಕೊಡು. ಮಳೆ ಬಿದ್ದ ಮೇಲೆ ಕಾರಿನ ಟಾಪಿನ ಮೇಲೆ ಭತ್ತದ ನಟ್ಟಿ ಮಾಡ್ತ್ರು ಸೆಕ್ರೆಟ್ರಿಯವ್ರು."

ಅಂಗಡಿಯೆಲ್ಲ ನಕ್ಕಿತು. ಮರುದಿನ ಬೆಳಗಾಗುವಷ್ಟರಲ್ಲಿ ಊರಿನ ಮೊದಲ ವಿದ್ಯುತ್ ಕಾರಿಗೆ 'ಪಂಪ್‌ಸೆಟ್ ಕಾರು' ಎಂಬ ಹೆಸರು ನಿಂತುಹೋಗಿತ್ತು. ಸಂಘದ ಬಾಗಿಲಲ್ಲಿ ಕಾರು ನಿಂತರೆ ಸಾಲಿನಲ್ಲಿದ್ದವರ ಮುಖದ ಮೇಲೆ ಏನೋ ಹರಿದಾಡುತ್ತಿತ್ತು. ನಗೆಗೆ ಕಾರಣವಾದ ತನ್ನ ಮಾತು ನಾಗಭೂಷಣನ ನೆನಪಿನಿಂದ ಬೇಗನೆ ಜಾರಿತು. ನರೇಶನ ಮಾತು ಮಾತ್ರ ಉಳಿದು ಬೇರು ಬಿಟ್ಟಿತು.

ಅವನು ಸಿಟ್ಟು ತೋರಿಸಲಿಲ್ಲ. ನರೇಶನನ್ನೇ ಕರೆಸಿ, ಅವನು ಹೇಳಿದಂತೆಯೇ ಕೆಲಸ ಮಾಡಿಸಿದ. ಶೆಡ್ಡಿನ ಗೋಡೆಯ ಮೇಲೆ ಹೊಸ ಬೋರ್ಡು ಕೂತಿತು. ನರೇಶ ತನ್ನ ಪ್ರತಿ ಕೆಲಸದ ಮೇಲೆ ಮಾಡುವಂತೆ ಹೆಸರಿನ, ಫೋನ್ ನಂಬರಿನ ಚೀಟಿಯನ್ನು ಬೋರ್ಡಿಗೆ ಅಂಟಿಸಿ, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿದ. ಬಹಳ ವರ್ಷ ಇನ್ನೊಬ್ಬರ ಏಣಿ ಹಿಡಿದು, ಕೊನೆಗೆ ತನ್ನದೇ ಪರವಾನಗಿ ಪಡೆದವನು ಅವನು. ಆ ಚೀಟಿಯ ಮೇಲೆ ಅವನಿಗೆ ಮಮತೆ.

"ಇದನ್ನ ಮನೆ ಇನ್ವರ್ಟರಿಗೆ ತಾಗ್ಸಲಿಲ್ಲ," ಎಂದ ಹೊರಡುವಾಗ. "ಅದು ಲೈಟು, ಫ್ಯಾನಿಗಷ್ಟೇ. ಕಾರಿನ ಭಾರ ಅದು ಹೊರೂದಿಲ್ಲ. ಮತ್ತೆ ಹೆದರೂಕೆ ಎಂತದೂ ಇಲ್ಲ, ನಿಶ್ಚಿಂತೆಯಿಂದ ಹಾಕಿ."

ನಾಗಭೂಷಣ ಆ ಚೀಟಿಯನ್ನೇ ನೋಡುತ್ತಿದ್ದ. ಉಪಾಯ ಹೊಳೆದದ್ದು ಆಗ.

ಆ ಬೋರ್ಡಿನಿಂದಲೇ ಬೆಂಕಿ ಹುಟ್ಟಿದರೆ? ನರೇಶನ ಪರವಾನಗಿ ಹೋಗುತ್ತದೆ, ಮೇಲೆ ಮೊಕದ್ದಮೆ. ಮುಂದೆ ಈ ಸೀಮೆಯಲ್ಲಿ ಒಂದು ಬಲ್ಬು ಹಾಕಲೂ ಅವನನ್ನು ಯಾರೂ ಕರೆಯುವುದಿಲ್ಲ. ಕಾರು ಸುಟ್ಟರೆ ಸುಡಲಿ, ಅದಕ್ಕೆ ವಿಮೆ ಉಂಟು. ಹೋದ ಮಾನಕ್ಕೆ ಯಾವ ಕಂಪನಿ ವಿಮೆ ಕೊಡುತ್ತದೆ? ಹೀಗೆ ವಾದಿಸಿಕೊಂಡಾಗ ಅದು ಅವನಿಗೆ ಸೇಡಿನಂತೆ ಕಾಣಲಿಲ್ಲ; ನ್ಯಾಯದಂತೆಯೇ ಕಂಡಿತು. ಅಪರಾಧಗಳು ಹೆಚ್ಚಾಗಿ ಈ ಉಡುಪನ್ನೇ ತೊಟ್ಟು ಮನಸ್ಸಿನೊಳಗೆ ಬರುತ್ತವೆ.

ಕಾರು ಕೊಳ್ಳುವಾಗ ಓದದ್ದನ್ನೆಲ್ಲ ಅವನು ಈಗ ಓದಿದ. ಯಾವ ಸಾಕೆಟ್ಟು ಎಷ್ಟು ಭಾರ ತಾಳುತ್ತದೆ, ಸಡಿಲ ಪಿನ್ನು ಏಕೆ ಕಾಯುತ್ತದೆ, ತೆಳು ತಂತಿ ಎಲ್ಲಿ ಮೊದಲು ಸೋಲುತ್ತದೆ ಎಂಬುದನ್ನು ಕಲಿತ. ಒಳ್ಳೆಯ ಸಾಕೆಟ್ಟನ್ನು ಆರಿಸುವವನಿಗೆ ಬೇಕಾದ ಜ್ಞಾನವೇ ಕೆಟ್ಟದ್ದನ್ನು ಆರಿಸುವವನಿಗೂ ಬೇಕು. ತನ್ನ ಗುರುತಿರುವ ಭಟ್ಕಳವನ್ನು ಬಿಟ್ಟು, ಬಸ್ಸು ಹಿಡಿದು ಕುಮಟಾದ ಸಂತೆಗೆ ಹೋದ. ಊರೂರು ಸುತ್ತುವ ವ್ಯಾಪಾರಿಯೊಬ್ಬ ತಾಡಪಾಲಿನ ಮೇಲೆ ಸುರಿದಿದ್ದ ರಾಶಿಯಲ್ಲಿ ಕೈಯಾಡಿಸಿ, ದೊಡ್ಡ ಕಂಪನಿಯ ಹೆಸರನ್ನು ಹೆಚ್ಚುಕಡಿಮೆ ಹೋಲುವ ಹೆಸರಿನ ಸಾಕೆಟ್ಟೊಂದನ್ನು ಹೆಕ್ಕಿದ. ನರೇಶ ಅಸಲಿಗೆ ಹಣ ತೆಗೆದುಕೊಂಡು ನಕಲಿಯನ್ನು ಕೂರಿಸಿದ ಎಂದು ಅದು ತಾನಾಗಿಯೇ ಸಾಕ್ಷಿ ಹೇಳಬೇಕಿತ್ತು.

ಹೆಂಡತಿ ಮಾಲತಿ ಅಕ್ಕನ ಸೊಸೆಯ ಬಾಳಂತನಕ್ಕೆಂದು ಸಂತೆಗುಳಿಗೆ ಹೋದಳು. ಮನೆಯಲ್ಲಿ ಅವನೊಬ್ಬನೇ. ಮೇ ತಿಂಗಳ ಒಂದು ಮಧ್ಯಾಹ್ನ ಮೇನ್ ಆರಿಸಿ, ಶೆಡ್ಡಿನ ಬೋರ್ಡಿನೊಳಗಿನ ದಪ್ಪ ತಂತಿಯನ್ನೂ ಅಸಲಿ ಸಾಕೆಟ್ಟನ್ನೂ ತೆಗೆದು, ತೆಳು ತಂತಿಯನ್ನೂ ನಕಲಿಯನ್ನೂ ಕೂರಿಸಿದ. ಹೊರಗಿನ ಮುಚ್ಚಳ ನರೇಶನದೇ. ಪಕ್ಕದ ಸುರಕ್ಷತಾ ಸ್ವಿಚ್ಚು, ಬೋರ್ಡಿನ ಮೇಲಿನ ಚೀಟಿ ಎಲ್ಲ ಇದ್ದಂತೆಯೇ ಇದ್ದವು.

ಕೆಟ್ಟ ಸಾಕೆಟ್ಟು ತಾನಾಗಿ ಹೊತ್ತಿಕೊಳ್ಳಲು ತಿಂಗಳುಗಳೇ ಬೇಕಾದೀತು. ಅಷ್ಟು ತಾಳ್ಮೆ ಅವನಿಗಿರಲಿಲ್ಲ. ಬೆಂಕಿಯನ್ನು ತಾನೇ ಕೊಡುವುದು, ಅಪವಾದವನ್ನು ಸಾಕೆಟ್ಟಿಗೆ ಬಿಡುವುದು ಎಂದು ತೀರ್ಮಾನಿಸಿದ. ಮಳೆಗಾಲದ ಒಲೆಗೆಂದು ಕೂಡಿಟ್ಟ ತೆಂಗಿನ ಸಿಪ್ಪೆ, ಒಣ ಮಡಲು ಶೆಡ್ಡಿನಲ್ಲಿ ಗೋಡೆಯೆತ್ತರ ಇದ್ದವು. ಅದರೊಳಗೆ ಹೂತ ಒಂದು ಊದುಬತ್ತಿ ಅವನನ್ನು ಹೊನ್ನಾವರದವರೆಗೆ ತಲುಪಿಸಲು ಸಾಕು. ಹೊನ್ನಾವರದಲ್ಲಿ ಸಂಘಗಳ ಕಾರ್ಯದರ್ಶಿಗಳಿಗೆ ಶಿಬಿರವಿತ್ತು. 'ಸದಸ್ಯರ ವಿಶ್ವಾಸ' ಎಂಬ ವಿಷಯದ ಮೇಲೆ ಅವನ ಭಾಷಣ. ಸಾಕ್ಷಿಗೆ ಸಭಾಂಗಣ ತುಂಬ ಜನ.

ಒಂದು ವಿಷಯ ಮಾತ್ರ ಅವನ ಮನಸ್ಸಿನಲ್ಲಿ ಕ್ಷಣಕಾಲ ಮುಳ್ಳಿನಂತೆ ಚುಚ್ಚಿತು. ಶೆಡ್ಡಿನ ಆಚೆಗೇ ಹೊನ್ನಮ್ಮನ ಕೊಟ್ಟಿಗೆ. ಗಂಡ ತೀರಿದ ಮೇಲೆ ಒಂದೇ ಹಸುವನ್ನು ಕಟ್ಟಿಕೊಂಡು ಬದುಕುತ್ತಿದ್ದವಳು. ಹಗಲಿನ ಗಾಳಿ ಕಡಲಿನ ಕಡೆಯಿಂದ ಅವಳ ಹುಲ್ಲುಮಾಡಿನತ್ತಲೇ ಬೀಸುತ್ತದೆ. ಅವನು ಅದನ್ನು ತೂಗಿ ನೋಡಿದ. ಅವಳ ಕೊಟ್ಟಿಗೆಗೂ ತಾಗಿದರೆ ಊರಿಗೆ ನರೇಶನ ಮೇಲಿನ ಸಿಟ್ಟು ಇನ್ನಷ್ಟಾದೀತು ಎನಿಸಿದ್ದೇ ಮುಳ್ಳು ತಾನಾಗಿ ಉದುರಿತು.

ಶಿಬಿರದ ಹಿಂದಿನ ಸಂಜೆ ಅವನು ಮೇಜಿನ ಮುಂದೆ ಕೂತು ಎಲ್ಲವನ್ನೂ ಮತ್ತೊಮ್ಮೆ ಮನಸ್ಸಿನಲ್ಲೇ ಹಾದುಬಂದ. ಆಗಲೇ ರಸ್ತೆಯಲ್ಲಿ ಮೈಕು ಕಟ್ಟಿದ ಆಟೋವೊಂದು ಏನನ್ನೋ ಕೂಗುತ್ತ ಬಂತು. ಯೋಚನೆಗೆ ಅಡ್ಡಿಯಾಯಿತೆಂದು ಕಿಟಕಿ ಮುಚ್ಚಿ ಫ್ಯಾನನ್ನು ಜೋರು ಮಾಡಿದ. ಮೈಕಿನಲ್ಲಿ ಕೂಗುವುದೆಲ್ಲ ಸಾಮಾನ್ಯ ಜನರಿಗೆ ಎಂಬುದು ಅವನ ಬಹುಕಾಲದ ಅಭಿಪ್ರಾಯವಾಗಿತ್ತು.

ಬೆಳಿಗ್ಗೆ ಎಲ್ಲವೂ ಅವನಿಗೆ ಅನುಕೂಲವಾಗಿಯೇ ಒದಗಿತು. ಎದುರಿನ ಹಿಟ್ಟಿನ ಗಿರಣಿ ಸದ್ದಿಲ್ಲದೆ ಮುಚ್ಚಿತ್ತು. ಆ ಬಾಗಿಲಲ್ಲಿ ನಿಂತು ಬೀದಿ ನೋಡುವ ಹೆಂಗಸರಿರಲಿಲ್ಲ. ಅವನು ಚಾರ್ಜರಿನ ಒಂದು ತುದಿಯನ್ನು ಕಾರಿಗೂ ಇನ್ನೊಂದನ್ನು ಗೋಡೆಗೂ ಸಿಕ್ಕಿಸಿದ. ಊದುಬತ್ತಿಯನ್ನು ಹಚ್ಚಿ ಹೂತ. ಉಳಿದದ್ದು ಸ್ವಿಚ್ಚು. ತಾನೇ ಆರಿಸಿ ತಂದ ಸಾಕೆಟ್ಟಿನ ಯೋಗ್ಯತೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬರಿಗೈಯಲ್ಲಿ ಮುಟ್ಟುವ ಧೈರ್ಯವಾಗಲಿಲ್ಲ. ಬಾಗಿಲ ಹೊರಗೆ ನಿಂತು, ಮುಖ ಆಚೆ ತಿರುಗಿಸಿ, ಕಸ ಗುಡಿಸುವ ಹಿಡಿಸೂಡಿಯ ಕೋಲಿನಿಂದ ಸ್ವಿಚ್ಚನ್ನು ಒತ್ತಿದ. ಟಕ್ಕೆಂಬ ಸದ್ದು ಕೇಳಿದ್ದೇ ಬಾಗಿಲೆಳೆದುಕೊಂಡು ನಡೆದ.

ಹೊನ್ನಮ್ಮ ತನ್ನ ಬಾವಿಯಲ್ಲಿ ಹಗ್ಗ ಎಳೆದು ನೀರು ಸೇದುತ್ತಿದ್ದಳು; ರಾಟೆ ಕಿರುಗುಟ್ಟುತ್ತಿತ್ತು. ಮನೆಗೆ ನಲ್ಲಿ ಬಂದರೂ ಈ ಜನ ಬದಲಾಗುವುದಿಲ್ಲ ಎಂದುಕೊಂಡ.

"ಎಲ್ಲಿಗೆ ಹೊರಟ್ರಿ ಸೆಕ್ರೆಟ್ರಿಯವ್ರೆ, ಕಾರು ಬಿಟ್ಕಂಡು?"

"ಹೊನ್ನಾವರಕ್ಕೆ. ಕಾರು ಚಾರ್ಜಿಗಿಟ್ಟಿದ್ದೇನೆ. ಬಸ್ಸಿಗೇ ಹೋಗ್ತೆ."

ಹೊನ್ನಮ್ಮ ಕಾರಿನ ಶೆಡ್ಡಿನತ್ತ ನೋಡಿದಳು, ಅವನತ್ತ ನೋಡಿದಳು. "ಹೌದಾ," ಎಂದಳು. ದೊಡ್ಡವರ ಯಂತ್ರಗಳ ಸಂಗತಿ ತನಗೇಕೆ ಎಂಬಂತೆ ಮತ್ತೆ ಹಗ್ಗ ಹಿಡಿದಳು. ಬಸ್‌ಸ್ಟಾಪಿನ ಬಳಿ ಗಣಪ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ, "ಶೆಕೆ ಜೀವ ತಿಂತು ಮಾರಾಯ್ರೆ," ಎಂದ. ನಾಗಭೂಷಣ ಅವನಿಗೆ ಒಂದು ನಗು ದಾನಮಾಡಿದ. ನಗುವ ಸರದಿ ಇನ್ನು ತನ್ನದು.

ಭಾಷಣ ಚೆನ್ನಾಗಿ ಬಂತು. ವಿಶ್ವಾಸವೆಂಬುದು ಕಣ್ಣಿಗೆ ಕಾಣದ ತಂತಿ, ಅದು ಕಡಿದರೆ ಊರೇ ಕತ್ತಲು ಎಂದಾಗ ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆಯೇ ಫೋನು ಅಲುಗಿತು. ಗಣಪನ ಮಗ. ನಾಗಭೂಷಣ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮುಖವನ್ನು ತೊಟ್ಟುಕೊಂಡು ಎದ್ದ.

ಅವನು ಮರಳುವಷ್ಟರಲ್ಲಿ ಬೆಂಕಿ ಆರಿತ್ತು. ಶೆಡ್ಡಿರಲಿಲ್ಲ, ಕಾರಿನ ಎಲುಬಷ್ಟೇ ಉಳಿದಿತ್ತು. ಹೊನ್ನಮ್ಮನ ಕೊಟ್ಟಿಗೆಯ ಒಂದು ಮೂಲೆ ಕರಿಹಿಡಿದು ನಿಂತಿತ್ತು. ಹಸುವನ್ನು ರಸ್ತೆಯಾಚೆ ಕಟ್ಟಿದ್ದರು. ಊರಿನವರು ಸಾಲುಗಟ್ಟಿ ಕೊಡದಿಂದ ಕೊಡಕ್ಕೆ ನೀರು ದಾಟಿಸಿ, ಅಗ್ನಿಶಾಮಕ ಗಾಡಿ ಬರುವವರೆಗೆ ಅವನ ಮನೆಯನ್ನು ಕಾಪಾಡಿದ್ದರು. ಆ ಸಾಲಿನ ಎಲ್ಲಕ್ಕಿಂತ ಮುಂದೆ ನಿಂತವನು ನರೇಶ. ಅವನ ಹುಬ್ಬು ಸುಟ್ಟಿತ್ತು. ಈಗ ಅವನು ಅಂಗಳದಲ್ಲಿ, ಬೂದಿಯಿಂದ ಹೆಕ್ಕಿದ ಕರಗಿದ ಸಾಕೆಟ್ಟನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ.

"ನಾ ಹಾಕಿದ್ದು ಇದಲ್ಲ," ಎನ್ನುತ್ತಿದ್ದ ಎಲ್ಲರಿಗೂ. "ದೇವರಾಣೆ, ಇದಲ್ಲ." ಬೆಳಿಗ್ಗೆಯವರೆಗೆ ಅವನ ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತಿದ್ದವರು ಒಂದೊಂದು ಹೆಜ್ಜೆ ದೂರ ಸರಿದಿದ್ದರು. ನಾಗಭೂಷಣ ಆ ದೂರವನ್ನು ಕಣ್ಣಲ್ಲೇ ಅಳೆದು ತೃಪ್ತನಾದ.

ಪೇಟೆಯಿಂದ ಬಂದ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ನಾಗಭೂಷಣನ ಮನೆಯ ಚಾವಡಿಯಲ್ಲಿ ಫ್ಯಾನಿನ ಕೆಳಗೆ ಕೂತು ಬೆವರೊರೆಸಿಕೊಂಡು, ಹೇಳಿಕೆ ಬರೆದುಕೊಳ್ಳತೊಡಗಿದರು.

"ಕಾರು ಚಾರ್ಜ್ ಆಗ್ತಾ ಇತ್ತಾ? ಖಾತ್ರಿಯಾ?"

"ನಾನೇ ಸ್ವಿಚ್ಚು ಹಾಕಿದ್ದು ಸರ್. ಚಾರ್ಜರಿನ ಹಸಿರು ದೀಪ ಹತ್ತಿತು. ಒಂದು ಗಳಿಗೆ ನಿಂತು ಕಣ್ಣಾರೆ ನೋಡಿಯೇ ಹೊರಟದ್ದು. ಆಗಲೇ ಸಾಕೆಟ್ಟಿನಿಂದ ಚಿರಿಚಿರಿ ಸದ್ದು ಬರ್ತಾ ಇತ್ತು. ಹೊಸದಲ್ಲವೇ ಎಂದು ಬಿಟ್ಟೆ. ಮನುಷ್ಯನನ್ನು ನಂಬಿದ್ದೇ ನನ್ನ ತಪ್ಪು."

ಅವನು ಸಹಿ ಹಾಕಿದ. ಅಂಗಳದಲ್ಲಿ ಪೇದೆಯೊಬ್ಬ ನರೇಶನ ಪಕ್ಕಕ್ಕೆ ಬಂದು ನಿಂತ. ಎಲ್ಲವೂ ಮುಗಿದಿತ್ತು; ಆದರೆ ನೊಂದವನ ಪಾತ್ರ ನಾಗಭೂಷಣನಿಗೆ ಎಷ್ಟು ಹಿಡಿಸಿತ್ತೆಂದರೆ, ಬಾಗಿಲಲ್ಲಿ ಸೇರಿದ ಜನರೆದುರು ಇನ್ನೊಂದು ಮಾತಾಡದೆ ಇರಲು ಆಗಲಿಲ್ಲ. "ನರೇಶನ ಮಾತು ಬಿಡಿ," ಎಂದ ನಡುಗುವ ಕಂಠದಲ್ಲಿ. "ನೀವಾದರೂ ಇದ್ದಿರಲ್ಲ. ಮಾರು ದೂರದಲ್ಲಿ ನನ್ನ ಗದ್ದೆಯ ಪಂಪು, ಅಷ್ಟುದ್ದದ ಪೈಪು. ಒಂದು ಸ್ವಿಚ್ಚು ಒತ್ತಿ ನೀರು ಬಿಟ್ಟಿದ್ದರೆ ಕಾರು ಉಳಿಯುತ್ತಿತ್ತು. ಅಷ್ಟನ್ನೂ ಮಾಡಲಿಲ್ಲವಲ್ಲ ಹೊನ್ನಮ್ಮಾ?"

ಹೊನ್ನಮ್ಮನಿಗೆ ಸಿಟ್ಟು ಬರಲಿಲ್ಲ; ಮಾತೇ ಅರ್ಥವಾಗದವಳಂತೆ ಅವನನ್ನು ನೋಡಿದಳು. "ಪಂಪು ಹಾಕೂಕೆ ಕರೆಂಟೆಲ್ಲಿತ್ತು ಸೆಕ್ರೆಟ್ರಿಯವ್ರೆ? ಮಳೆಗಾಲ ಬಂತು, ತಂತಿ ಮೇಲಿನ ಕೊಂಬೆ ಕಡೀತ್ರು, ಬೆಳಕು ಹರಿದಾಗಿಂದ ಸಂಜೆ ತನಕ ಊರಿಗೆ ಕರೆಂಟಿಲ್ಲ ಅಂತ ನಿನ್ನೆ ಆಟೋದಲ್ಲಿ ಕೂಗ್ಕಂಡು ಹೋದ್ರಲ್ಲ. ನೀವು ಹೊರಡೂಕಿಂತ ಮೊದಲೇ ಹೋದದ್ದು ಇನ್ನೂ ಬರಲಿಲ್ಲ. ಇದ್ದಿದ್ರೆ ಇದೆಂತಕ್ಕೆ ಹಿಂಗಾಗ್ತಿತ್ತು?" ಎಂದು ಹಗ್ಗ ಉಜ್ಜಿ ಚರ್ಮ ಸುಲಿದ ಎರಡೂ ಅಂಗೈಗಳನ್ನು ಬಿಡಿಸಿ ತೋರಿಸಿದಳು. ಅಂಗಳದಲ್ಲಿ ನರೇಶ ಮೆಲ್ಲನೆ ತಲೆಯೆತ್ತಿದ. ಸಬ್‌ಇನ್‌ಸ್ಪೆಕ್ಟರರ ಪೆನ್ನು ನಿಂತಿತು. ಅವರು ಮೊದಲು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು, ಆಮೇಲೆ ಮೂಲೆಯಲ್ಲಿ ಮಿನುಗುತ್ತಿದ್ದ ಇನ್ವರ್ಟರನ್ನು, ಕೊನೆಗೆ ಹಸಿರು ದೀಪ ಹತ್ತಿತೆಂಬ ಸಾಲಿನ ಕೆಳಗಿದ್ದ ಒದ್ದೆ ಸಹಿಯನ್ನು. ಊರಿಗೆಲ್ಲ ಬೆಳಿಗ್ಗೆಯಿಂದ ಗೊತ್ತಿದ್ದ ಸಂಗತಿ, ಆ ಫ್ಯಾನಿನ ಗಾಳಿಯಲ್ಲಿ ಎದ್ದು ಹೊರಟವನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.