ರದ್ದಾದ ಎಂಟನೇ ನಿಲ್ದಾಣ

ದಿನಾಂಕ ೧೪, ಮಂಗಳವಾರ ಬೆಳಗ್ಗೆ ೯.೧೦ಕ್ಕೆ ಕೈಗಾರಿಕಾ ಸಂಘದ ಕಾರ್ಯದರ್ಶಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ರೈಲು ನಿಲ್ದಾಣದಿಂದ ನೌಕರರನ್ನು ಕರೆತರಲು ಹನ್ನೊಂದು ಕಾರ್ಖಾನೆಗಳು ಸೇರಿ ಎರಡು ಬಸ್ಸು ಓಡಿಸುತ್ತಿದ್ದವು. ಎಂಟೂವರೆಯ ಪಾಳಿಗೆ ಹೊರಡಬೇಕಿದ್ದ ಎರಡನೇ ಬಸ್ಸು ಮುಂಜಾನೆ ಶೆಡ್ಡಿನಿಂದ ಕಾಣೆಯಾಗಿ, ೮.೧೦ಕ್ಕೆ ಅರ್ಧ ಮೈಲಿ ದೂರದ ಗೋದಾಮಿನ ಹಿಂದೆ ಸಿಕ್ಕಿತ್ತು; ಅದನ್ನು ಶೆಡ್ಡಿಗೆ ವಾಪಸು ತಂದಿದ್ದರು.

"ಬಸ್ಸು ಸಿಕ್ಕಿದೆಯಲ್ಲ?" ಎಂದರು ಇನ್‌ಸ್ಪೆಕ್ಟರ್. ಈ ಠಾಣೆಗೆ ಬಂದು ನಾಲ್ಕು ತಿಂಗಳಾಗಿದ್ದ ಹೆಂಗಸು.

"ಕದ್ದವರು ಸಿಗಬೇಕಲ್ಲ ಮೇಡಂ. ಶುಕ್ರವಾರದೊಳಗೆ ಸಿಗದಿದ್ರೆ ಆ ಬಸ್ಸು ನಿಲ್ಲಿಸಿಬಿಡ್ತೀವಿ ಅಂತಿದ್ದಾರೆ ಮಾಲೀಕರು. ಸ್ಟೇಷನ್ ಮುಂದಿನ ಆಟೋದವರದೇ ಕೆಲಸ, ಬಸ್ಸಿಂದ ಅವರ ಬಾಡಿಗೆ ಹೋಯ್ತಲ್ಲ. ಇಬ್ಬರ ಹೆಸರು ಹೇಳ್ತೀನಿ, ಬರ್ಕೊಳ್ಳಿ."

"ನೀವು ನೋಡಿದ್ರಾ?"

"ಇಲ್ಲ."

"ಹಾಗಾದ್ರೆ ಹೆಸರು ಬೇಡ."

೯.೪೦ಕ್ಕೆ ಕಳವಿನ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಇನ್‌ಸ್ಪೆಕ್ಟರ್ ಮತ್ತು ದಫೇದಾರರು ಶೆಡ್ಡಿಗೆ ಹೋಗಿ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ಜಿಪಿಎಸ್ ತಂತಿಯನ್ನು ಕತ್ತರಿಸದೆ ಜೋಪಾನವಾಗಿ ಬಿಚ್ಚಿಟ್ಟಿದ್ದರು. ಚಾಲಕನ ಸೀಟಿನ ಪಕ್ಕದಲ್ಲಿದ್ದ, ಪ್ರತಿ ನಿಲ್ದಾಣದ ಸಮಯ ಮತ್ತು ಇಳಿದವರ ಲೆಕ್ಕ ಬರೆಯುವ ಟ್ರಿಪ್ ಶೀಟ್ ಪುಸ್ತಕದಲ್ಲಿ ಮೇಲಿನ ಒಂದು ಹಾಳೆ ಹರಿದುಹೋಗಿತ್ತು. ಸೋಮವಾರ ಸಂಜೆಯ ಮೀಟರಿಗಿಂತ ಬಸ್ಸು ೩೯ ಕಿಲೋಮೀಟರ್ ಹೆಚ್ಚು ಓಡಿತ್ತು.

"ಒಂದು ಸುತ್ತಿಗೆ ಎಷ್ಟಾಗುತ್ತೆ?"

ಶೆಡ್ಡಿನ ಟೈಂಕೀಪರ್ ಉತ್ತರಿಸಿದರು. ಐವತ್ತು ದಾಟಿದ, ಮೆದು ಮಾತಿನ ಮನುಷ್ಯ. "ಮೂವತ್ಮೂರು ಮೇಡಂ."

"ಮೊದಲಿಂದಲೂ ಅಷ್ಟೇನಾ?"

"ಎಂಟನೇ ಸ್ಟಾಪ್ ಇದ್ದಾಗ ಮೂವತ್ತೊಂಬತ್ತು."

ಎಂಟನೆಯದು ನೂಲು ಸುತ್ತುವ ಒಂದು ಸಣ್ಣ ಘಟಕದ ಗೇಟು. ಹತ್ತು ಜನರೂ ಇಳಿಯದ ಕಡೆ ಬಸ್ಸು ಹೋಗಬಾರದೆಂಬ ಸಂಘದ ನಿಯಮದಂತೆ ಐದು ತಿಂಗಳ ಹಿಂದೆ ಅದನ್ನು ರದ್ದು ಮಾಡಿದ್ದರು. ಅಂದಿನಿಂದ ಅಲ್ಲಿನ ಹೆಂಗಸರು ಏಳನೇ ನಿಲ್ದಾಣದಲ್ಲಿ ಇಳಿದು, ಲಾರಿಗಳು ಓಡಾಡುವ ರಸ್ತೆಯಲ್ಲಿ ಮೂರು ಕಿಲೋಮೀಟರ್ ನಡೆಯುತ್ತಿದ್ದರು.

ಬುಧವಾರ ಬೆಳಗ್ಗೆ ೮.೧೫ಕ್ಕೆ ಇನ್‌ಸ್ಪೆಕ್ಟರ್ ಆ ಘಟಕದ ಗೇಟಿನ ರಿಜಿಸ್ಟರ್ ತೆರೆಸಿದರು. ಬೇರೆ ದಿನ ಏಳರ ಪಾಳಿಗೆ ೭.೧೦, ೭.೨೦ ಎಂದು ಚೆದುರಿದ ಸಹಿಗಳು. ಮಂಗಳವಾರ ಮಾತ್ರ ಎಲ್ಲವೂ ೬.೪೭.

"ನಿನ್ನೆ ಹೇಗೆ ಬಂದ್ರಿ?"

"ನಡ್ಕೊಂಡು," ಎಂದಳು ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯ ಕೆಲಸಗಾರ್ತಿ.

"ಮೂವತ್ತೊಂದು ಜನಾನೂ ಒಂದೇ ನಿಮಿಷಕ್ಕೆ ಗೇಟು ದಾಟಿದ್ದೀರಿ," ಎಂದರು ದಫೇದಾರರು. "ಕವಾಯತು ಎಲ್ಲಿ ಕಲ್ತ್ರಿ ಅಕ್ಕ? ನಮ್ಮ ಹುಡುಗರಿಗೂ ಸ್ವಲ್ಪ ಹೇಳ್ಕೊಡಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಇನ್‌ಸ್ಪೆಕ್ಟರ್ ನಗಲಿಲ್ಲ. "ನೀವು ಬಾಯಿ ಬಿಡದಿದ್ರೆ ಇಬ್ಬರು ಆಟೋದವರ ತಲೆಗೆ ಇದು ಬರುತ್ತೆ. ಅವರಿಗೂ ಮಕ್ಕಳು ಮರಿ ಇದ್ದಾರೆ."

ದೊಡ್ಡಮ್ಮನ ಮುಖ ಕಳೆಗುಂದಿತು. "ಆಟೋದವರಲ್ಲಮ್ಮ. ಹೆಸರು ಮಾತ್ರ ಕೇಳಬೇಡಿ. ಮೂರು ಸಲ ತಡ ಆದ್ರೆ ಕೆಲಸ ಇಲ್ಲ ಅಂತ ಇಲ್ಲಿ ನೋಟಿಸ್ ಹಾಕಿದ್ರು. ನಮ್ಮಲ್ಲಿ ಹನ್ನೊಂದು ಜನಕ್ಕೆ ಎರಡೆರಡು ಆಗಿಹೋಗಿತ್ತು. ಆ ಪುಣ್ಯಾತ್ಮ ಸ್ಟೇಷನ್ನಿಂದ ಹತ್ತಿಸ್ಕೊಂಡು ಬಂದು, ಇಲ್ಲಿ ಒಬ್ಬೊಬ್ಬರನ್ನೇ ಎಣಿಸಿ ಇಳಿಸಿದ."

ವಾಪಸು ಬರುವಾಗ ಇನ್‌ಸ್ಪೆಕ್ಟರ್ ಜೀಪಿನಲ್ಲಿ ಒಂದೇ ಮಾತು ಆಡಿದರು. "ಬಸ್ಸು ಕದ್ದವನು ಎಣಿಸ್ತಾನಾ?"

ಠಾಣೆಯಲ್ಲಿ ಟ್ರಿಪ್ ಶೀಟ್ ಪುಸ್ತಕ ತರಿಸಿ, ಹರಿದ ಹಾಳೆಯ ಕೆಳಗಿನ ಪುಟವನ್ನು ದೀಪಕ್ಕೆ ಓರೆಯಾಗಿ ಹಿಡಿದರು. ಪೆನ್ನು ಒತ್ತಿದ ಗುರುತು ಎದ್ದು ಕಂಡಿತು: ಎಂಟನೇ ನಿಲ್ದಾಣ, ೬.೪೪, ಇಳಿದವರು ೩೧. ಕೀಲಿ ಎಲ್ಲಿರುತ್ತದೆಂದು ತಿಳಿದವರು ಮೂವರೇ. ಚಾಲಕ ಆ ಹೊತ್ತಿಗೆ ಇನ್ನೂ ರೈಲಿನಲ್ಲಿದ್ದ. ಕಾರ್ಯದರ್ಶಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುತ್ತಿರಲಿಲ್ಲ. ಟೈಂಕೀಪರ್ ಹಿಂದೆ ಎಂಟು ವರ್ಷ ಲಾರಿ ಓಡಿಸಿದವರು.

ಗುರುವಾರ ೧೦.೪೦ಕ್ಕೆ ಅವರನ್ನು ಕರೆಸಿ ಪುಟವನ್ನು ಮುಂದಿಟ್ಟರು.

"ಇದು ಯಾರ ಬರಹ?"

"ನಂದೇ."

"ಕದ್ದ ಬಸ್ಸಲ್ಲಿ ಲೆಕ್ಕ ಬರೆಯೋದು ಯಾಕೆ?"

"ಸ್ಟಾಪ್ ತೆಗೆಯೋ ಮುಂಚೆ ಎಣಿಸೋಕೆ ಕಳಿಸಿದಾಗ ಸುಳ್ಳು ಬರೆದಿದ್ದೆ ಮೇಡಂ." ಟೈಂಕೀಪರ್ ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟರು. "ಮೂರು ದಿನ ಹೋಗಿ ಎಣಿಸಬೇಕಿತ್ತು. ಒಂದೇ ದಿನ ಹೋದೆ. ಅವತ್ತು ಯಂತ್ರ ಕೆಟ್ಟು ಮುಕ್ಕಾಲು ಪಾಲು ಜನಕ್ಕೆ ಬರಬೇಡಿ ಅಂದಿದ್ರು. ಏಳೇ ಜನ ಇಳಿದ್ರು. ಉಳಿದ ಎರಡು ದಿನದ್ದು ಶೆಡ್ಡಲ್ಲೇ ಕೂತು ತುಂಬಿಸಿದೆ. ಅದನ್ನೇ ನಂಬಿ ಸ್ಟಾಪ್ ತೆಗೆದ್ರು. ಎರಡು ತಿಂಗಳಾದ ಮೇಲೆ ಒಬ್ಬ ಹೆಣ್ಣುಮಗಳಿಗೆ ನಡೆಯುವಾಗ ಲಾರಿ ಹೊಡೀತು. ಕಾಲು ಹೋಯ್ತು."

"ಸಂಘಕ್ಕೆ ಹೇಳಿದ್ರಾ?"

"ಮರು ಎಣಿಕೆ ಮಾಡಿ ಅಂತ ಎರಡು ಸಲ ಬರೆದುಕೊಟ್ಟೆ. ನನ್ನ ತಪ್ಪು ಅಂತ ಬರೀಲಿಲ್ಲ. ಮುಂದಿನ ವರ್ಷ ನೋಡೋಣ ಅಂದ್ರು. ಅಷ್ಟರಲ್ಲಿ ಈ ನೋಟಿಸ್."

"ಆಟೋದವರ ಹೆಸರು ಬಂದಾಗ ಯಾಕೆ ಸುಮ್ಮನಿದ್ರಿ?"

ಟೈಂಕೀಪರ್ ಕೈಗಳನ್ನು ಮೇಜಿನಿಂದ ತೆಗೆದರು. "ಹೆದರಿದೆ. ಆ ಹಾಳೆ ಹರಿದಿದ್ದೂ ಹೆದರಿಕೆಗೇ. ಅದಕ್ಕೆ ಬೇರೆ ಕಾರಣ ಹೇಳಲ್ಲ."

೧೧.೨೫ಕ್ಕೆ ದಸ್ತಗಿರಿ ಆಯಿತು. ಇನ್‌ಸ್ಪೆಕ್ಟರ್ ಹೇಳಿಕೆಯಲ್ಲಿ ಒಂದಕ್ಷರವನ್ನೂ ಬಿಡದೆ ಬರೆಸಿದರು. ಗೇಟಿನ ರಿಜಿಸ್ಟರಿನ ಪ್ರತಿ ಲಗತ್ತಿಸಿದರು. ದೂರುದಾರರಾದ ಸಂಘಕ್ಕೂ ಒಂದು ಪ್ರತಿ ಕಳಿಸಿ, ತಲುಪಿದ್ದಕ್ಕೆ ಕಾರ್ಯದರ್ಶಿಯ ಸಹಿ ತೆಗೆದುಕೊಂಡರು. ಅವರು ಓದಿ, "ಇದನ್ನ ಮಾಲೀಕರಿಗೆ ತೋರಿಸಲೇಬೇಕಾ?" ಎಂದು ಕೇಳಿದರು. "ತೋರಿಸಲೇಬೇಕು. ಸೋಮವಾರ ನಾನೇ ಬಂದು ವಿಚಾರಿಸ್ತೀನಿ," ಎಂದರು ಇನ್‌ಸ್ಪೆಕ್ಟರ್.

ಮಧ್ಯಾಹ್ನ ಟೈಂಕೀಪರರ ಹೆಂಡತಿ ಅವರ ಕನ್ನಡಕ, ಒಂದು ಜೊತೆ ಬಟ್ಟೆ ತಂದಳು. ಅಳಲಿಲ್ಲ. ದಫೇದಾರರು ಕುರ್ಚಿ ಎಳೆದುಕೊಟ್ಟು, "ಮಾತಾಡ್ತೀರೇನಮ್ಮ?" ಎಂದರು.

ಅವಳು ಸರಳಿನ ಆಚೆ ನೋಡಿದಳು. ಗಂಡ ಗೋಡೆಗೊರಗಿ, ಬಾಯಿ ಅರೆ ತೆರೆದು, ಗಾಢ ನಿದ್ದೆಯಲ್ಲಿದ್ದ.

"ಬೇಡ, ಎಬ್ಬಿಸಬೇಡಿ. ಮೂರು ತಿಂಗಳಾಯ್ತು ಅವರು ಹೀಗೆ ಮಲಗಿ," ಎಂದು ಕುರ್ಚಿಯಲ್ಲಿ ಕುಳಿತಳು.