ಮಗುಚಿ ಹಾಕಿದ ಅನ್ನ

ಭಾನುವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಠಾಣೆಗೆ ಬಂದ ದರ್ಜಿಯ ಅಂಗಿಯ ಜೇಬಿನಲ್ಲಿ ಆಸ್ಪತ್ರೆಯ ಪಾಸಿತ್ತು. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು. ಹಿಂದಿನ ಸಂಜೆ ತಾಯಿಗೆ ಎಪ್ಪತ್ತು ತುಂಬಿತೆಂದು ಮನೆಮಂದಿಯನ್ನೆಲ್ಲ ಗಡಿಯಾರ ರಿಪೇರಿ ಅಂಗಡಿಯ ಮೇಲಿರುವ ಲಾವೋಸ್ ಹೋಟೆಲಿಗೆ ಊಟಕ್ಕೆ ಕರೆದೊಯ್ದಿದ್ದ. ಊಟದ ನಡುವೆಯೇ ಐವರಿಗೆ ಗಂಟಲು ಉರಿದು ವಾಂತಿಯಾಗಿತ್ತು. ನಾಲ್ವರು ಚೇತರಿಸಿಕೊಂಡು ಮನೆಗೆ ಮರಳಿದ್ದರು. ತಾಯಿ ಮಾತ್ರ ತೀವ್ರ ನಿಗಾ ಘಟಕದಲ್ಲಿದ್ದಳು.

"ಅಡಿಗೆ ಮಾಡಿದವಳನ್ನ ಒಳಗೆ ಹಾಕಿ ಮೇಡಂ. ನಾನು ಬೇರೇನೂ ಕೇಳಲ್ಲ" ಎಂದ.

ಇನ್‌ಸ್ಪೆಕ್ಟರ್ ಅವನಿಗೆ ನೀರು ಕೊಡಿಸಿ, ದೂರನ್ನು ಓದಿ ಹೇಳಿ, ಸಹಿ ಹಾಕಿಸಿಕೊಂಡರು. ಹೋಟೆಲಿನ ಪರವಾನಗಿ ಅಡಿಗೆಯವಳ ಹೆಸರಿನಲ್ಲಿದ್ದುದರಿಂದ ಎಫ್‌ಐಆರ್‌ನಲ್ಲಿ ಆರೋಪಿಯ ಸ್ಥಾನದಲ್ಲಿ ಅವಳೊಬ್ಬಳೇ ಇದ್ದಳು. ಆ ಮುದುಕಿ ಉಳಿಯದಿದ್ದರೆ ಅವಳು ಬಹಳ ವರ್ಷ ಹೊರಗೆ ಬರುವಂತಿರಲಿಲ್ಲ.

ಜೀಪಿನಲ್ಲಿ ಹೆಡ್ ಕಾನ್‌ಸ್ಟೇಬಲ್ ತನ್ನ ಮನೆಯ ಕತೆ ತೆಗೆದ. ಪಕ್ಕದ ಮನೆಯವರು ಆ ಹೋಟೆಲಿಗೆ ಹೋಗಿಬಂದು ವಾರವಿಡೀ ಅದನ್ನೇ ಹೇಳಿದ್ದರಂತೆ. ಅಂದಿನಿಂದ ಹೆಂಡತಿಯ ಹೊಟ್ಟೆಯಲ್ಲಿ ಒಲೆಯಿಲ್ಲದೆಯೇ ಬೆಂಕಿ. "ಪುಣ್ಯಕ್ಕೆ ನಾನು ಜುಗ್ಗ ಮೇಡಂ. ಇಲ್ಲದಿದ್ರೆ ಈಗ ಆರನೇ ಹಾಸಿಗೆ ನನ್ನದೇ."

ಒಂಬತ್ತೂವರೆಗೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಆರಂಭವಾಯಿತು. ಮೆಟ್ಟಿಲು ಹತ್ತಿದರೆ ಮೊದಲು ಸಿಗುವುದು ಬಾರ್: ಉದ್ದನೆಯ ಮರದ ಕಟ್ಟೆ, ಎತ್ತರದ ಸ್ಟೂಲುಗಳು, ಕಾಕ್‌ಟೇಲ್ ಬೆರೆಸುವ ಸ್ಟೀಲಿನ ಡಬ್ಬಗಳು, ಬಣ್ಣಬಣ್ಣದ ಬಾಟಲಿಗಳು. ಅದರಾಚೆ ಊಟದ ಮೇಜುಗಳು. ಕಟ್ಟೆಯ ಪಕ್ಕದ ಓಣಿ ದಾಟಿದರೆ ಅಡಿಗೆಮನೆ. ಅದರ ಹಿಂಬಾಗಿಲಿನಿಂದ ಇಳಿದರೆ ಗೇಟು.

ಹೋಟೆಲು ಅಕ್ಕತಂಗಿಯರದು. ತಾಯಿ ಲಾವೋಸಿನಿಂದ ಬಂದವಳು, ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮಕ್ಕಳು ಹುಟ್ಟಿ ಬೆಳೆದದ್ದು ಇಲ್ಲೇ. ತಂಗಿ ಅಡಿಗೆ ಮಾಡುತ್ತಿದ್ದಳು. ಅಕ್ಕ ಬಾರ್ ನೋಡಿಕೊಳ್ಳುತ್ತಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ.

ಅಡಿಗೆಮನೆಯ ಮೂಲೆಯಲ್ಲಿ ಮಣ್ಣಿನ ಜಾಡಿಯಿತ್ತು. ಮೀನನ್ನು ಉಪ್ಪು ಮತ್ತು ಅಕ್ಕಿ ತೌಡಿನಲ್ಲಿ ವರ್ಷಗಟ್ಟಲೆ ಹುದುಗಿಸಿದ ಪಾದೇಕ್ ಎಂಬ ರಸ ಅದರಲ್ಲಿತ್ತು. ಮುಚ್ಚಳ ತೆಗೆದ ಕೂಡಲೇ ಹೆಡ್ ಕಾನ್‌ಸ್ಟೇಬಲ್ ಕರವಸ್ತ್ರಕ್ಕೆ ಕೈಹಾಕಿದ. ತಪ್ಪು ಇದರದೇ ಎಂದು ಅವನ ಮೂಗು ಆಗಲೇ ತೀರ್ಮಾನಿಸಿತ್ತು. ದಿನಕ್ಕೆ ಬೇಕಾದಷ್ಟನ್ನು ಕುದಿಸಿ, ಸೋಸಿ, ಒಂದು ಬಟ್ಟಲಲ್ಲಿ ಇಟ್ಟುಕೊಳ್ಳುತ್ತೇವೆ, ಕೋಸಂಬರಿಗೆ ಎಳೆ ಪಪ್ಪಾಯಿ ಕುಟ್ಟುವಾಗ ಅದರಿಂದ ಹಾಕುತ್ತೇವೆ ಎಂದು ತಂಗಿ ವಿವರಿಸಿದಳು. ಅಸ್ವಸ್ಥರಾದ ಐವರೂ ಪಪ್ಪಾಯಿ ತಿಂದಿದ್ದರು. ತಿನ್ನದ ಮೂವರಿಗೆ ಏನೂ ಆಗಿರಲಿಲ್ಲ. ಜಾಡಿಯ ರಸ, ಬಟ್ಟಲಿನ ರಸ, ಉಳಿದ ಪದಾರ್ಥಗಳ ಮಾದರಿಗಳು ಸೀಲಾಗಿ ಪ್ರಯೋಗಾಲಯಕ್ಕೆ ಹೋದವು. ಹೋಟೆಲಿಗೆ ಬೀಗ ಬಿತ್ತು.

ತಂಗಿಯ ಹೇಳಿಕೆ ಚಿಕ್ಕದು. ಶನಿವಾರ ನಾಲ್ಕು ಗಂಟೆಗೆ ಅಂಟಕ್ಕಿಯನ್ನು ಹಬೆಗಿಟ್ಟ ಹೊತ್ತಿಗೆ, ಹಿಂದಿನ ವಾರ ಕೆಲಸದಿಂದ ತೆಗೆದ ಸಪ್ಲೈಯರ್ ಗೇಟಿನ ಬಳಿ ಬಂದು ಕೂಗಿದ. ಮತ್ತೆ ಸೇರಿಸಿಕೊಳ್ಳಿ ಎಂದು ಗೋಗರೆಯುತ್ತ ಬಹಳ ಹೊತ್ತು ನಿಲ್ಲಿಸಿಕೊಂಡ. ಮರಳಿ ಬರುವಷ್ಟರಲ್ಲಿ ಅನ್ನ ಆಗಿತ್ತು. ಇಳಿಸಿ ಬುಟ್ಟಿಗಳಿಗೆ ತುಂಬಿದಳು. ಪಾದೇಕಿನ ಬಟ್ಟಲು ಒಲೆಯ ಪಕ್ಕದ ಕಟ್ಟೆಯ ಮೇಲೆ ತೆರೆದೇ ಇತ್ತು. ಪಾತ್ರೆ ತೊಳೆಯುವವಳು ಬರುವುದು ಐದಕ್ಕೆ.

ಅಕ್ಕ ಬಾರ್ ಕಟ್ಟೆಯ ಹಿಂದೆ ನಿಂತೇ ಹೇಳಿಕೆ ಕೊಟ್ಟಳು. ನಿಂಬೆಹಣ್ಣು ಹೆಚ್ಚುತ್ತಿದ್ದೆ, ಯಾರನ್ನೂ ನೋಡಲಿಲ್ಲ, ನಡುವೆ ಒಮ್ಮೆ ಬಾಟಲಿ ತರಲು ಉಗ್ರಾಣಕ್ಕೆ ಹೋಗಿದ್ದೆ ಎಂದಳು. ಅಡಿಗೆಮನೆಗೆ ಹೋಗಿದ್ದಿರಾ ಎಂಬ ಪ್ರಶ್ನೆಗೆ ಅವಳ ತುಟಿ ಸ್ವಲ್ಪ ಕೊಂಕಿತು.

"ನಾನು ಆ ಹೊಸ್ತಿಲು ತುಳಿಯಲ್ಲ. ಒಲೆ ಅವಳದು, ಗ್ಲಾಸು ನನ್ನದು. ಒಂದು ಮನೆಗೆ ಒಬ್ಬಳು ಮಹಾರಾಣಿ ಸಾಕಲ್ವಾ?"

ಶನಿವಾರ ಸಂಜೆ ಒಂದು ಪತ್ರಿಕೆಯವರು ತಂಗಿಯ ಫೋಟೋ ತೆಗೆಯಲು ಬರುವವರಿದ್ದರು ಎಂಬುದು ಅವಳಿಂದಲೇ ತಿಳಿಯಿತು. ಬಂದರೇ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಬಂದಿದ್ದರು. ದೀಪಗಳನ್ನು ನಿಲ್ಲಿಸಲು ಜಾಗ ಸಾಲದೆ ಅಕ್ಕನನ್ನೇ ಸ್ವಲ್ಪ ಸರಿಯಿರಿ ಎಂದಿದ್ದರು.

ಬುಧವಾರ ಪ್ರಯೋಗಾಲಯದ ವರದಿ ಬಂತು. ಹೆಡ್ ಕಾನ್‌ಸ್ಟೇಬಲ್‌ನ ಮೂಗು ಸೋತಿತ್ತು. ಜಾಡಿಯ ರಸ ಶುದ್ಧವಾಗಿತ್ತು. ಬಟ್ಟಲಿನ ರಸದಲ್ಲಿ ಗ್ಲಾಸು ತೊಳೆಯುವ ಯಂತ್ರಕ್ಕೆ ಹಾಕುವ ಸುಡುವ ಕ್ಷಾರದ ದ್ರವ ಬೆರೆತಿತ್ತು. ಅದರ ಕ್ಯಾನುಗಳು ಓಣಿಯಲ್ಲೇ ಇರುತ್ತಿದ್ದವು. ಯಾರ ಕೈಗಾದರೂ ಎಟುಕುವಂತಿದ್ದವು. ಅಜಾಗ್ರತೆಯ ಪ್ರಕರಣ ಈಗ ಬೇಕೆಂದೇ ಮಾಡಿದ ಪ್ರಕರಣವಾಯಿತು.

ಸಪ್ಲೈಯರನ್ನು ಕರೆಸಿದರು. ತಾನು ಗೇಟಿನಾಚೆ, ಯಜಮಾನಿ ಈಚೆ, ಕಾಲಿಗೆ ಬೀಳುವುದೊಂದು ಬಾಕಿ ಇತ್ತು ಎಂದ. ಅವನು ತನ್ನ ಕಣ್ಣೆದುರೇ ಇದ್ದ, ಮಾತು ಮುಗಿಸಿ ರಸ್ತೆ ಹಿಡಿದ ಎಂದು ತಂಗಿಯೂ ಒಪ್ಪಿದಳು. ಅವನು ಬಸ್ಸು ಹತ್ತಿದ್ದನ್ನು ಕೆಳಗಿನ ಗಡಿಯಾರದವನು ನೋಡಿದ್ದ. ಅಕ್ಕನ ಮೇಲೆ ಅನುಮಾನವೇನಾದರೂ ಇದೆಯೇ ಎಂದರೆ ತಂಗಿಗೆ ಸಿಟ್ಟು ಬಂತು. ತಾಯಿ ಹೋದ ಮೇಲೆ ತನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅಕ್ಕ ಎಂದಳು.

ಮೇಲಧಿಕಾರಿಗಳು ಆರೋಪಿಯನ್ನು ಇನ್ನೂ ಯಾಕೆ ಬಂಧಿಸಿಲ್ಲವೆಂದು ಕೇಳಿದರು. ಮುದುಕಿಗೆ ಎಚ್ಚರ ಬಂದಿರಲಿಲ್ಲ. ಇನ್‌ಸ್ಪೆಕ್ಟರ್ ಒಂದು ದಿನ ಕಾಲಾವಕಾಶ ಪಡೆದರು.

ಗುರುವಾರ ನಾಲ್ಕಕ್ಕೆ ಬೀಗ ತೆಗೆಸಿ, ಪಂಚರನ್ನು ನಿಲ್ಲಿಸಿ, ಶನಿವಾರ ಮಾಡಿದ್ದನ್ನೇ ಮಾಡಿ ತೋರಿಸಲು ತಂಗಿಗೆ ಹೇಳಿದರು. ಅಕ್ಕನನ್ನು ಬಾರಿನಲ್ಲೇ ಕೂರಿಸಿದ್ದರು. ತಂಗಿ ರಾತ್ರಿಯೇ ನೆನೆಹಾಕಿದ್ದ ಅಂಟಕ್ಕಿಯನ್ನು ಶಂಕುವಿನಾಕಾರದ ಬಿದಿರಿನ ಬುಟ್ಟಿಗೆ ತುಂಬಿ, ಕತ್ತು ಕಿರಿದಾದ ಪಾತ್ರೆಯ ಬಾಯಿಗೆ ಕೂರಿಸಿದಳು. ಹಬೆ ಏರಿತು. ಅವಳೂ ಇನ್‌ಸ್ಪೆಕ್ಟರೂ ಗೇಟಿಗೆ ಹೋಗಿ ನಿಂತರು. ಆದರೆ ಸ್ವಲ್ಪ ಹೊತ್ತಿಗೆಲ್ಲ ತಂಗಿ ಚಡಪಡಿಸತೊಡಗಿದಳು. ಇನ್ನು ತಡೆದರೆ ಅನ್ನ ಕೆಡುತ್ತದೆಂದು ಓಡಿಬಂದು, ಬುಟ್ಟಿಯನ್ನೆತ್ತಿ, ಮಣಿಕಟ್ಟನ್ನು ಒಮ್ಮೆ ಜಾಡಿಸಿದಳು. ಅನ್ನವೆಲ್ಲ ಒಂದೇ ಮುದ್ದೆಯಾಗಿ ಗಾಳಿಯಲ್ಲಿ ಮಗುಚಿ ಬುಟ್ಟಿಗೆ ಬಿತ್ತು.

ಇನ್‌ಸ್ಪೆಕ್ಟರ್ ಹತ್ತಿರ ಬಂದರು. "ಮಗುಚದಿದ್ರೆ?"

"ಮೇಲಿಂದು ಹಸಿ ಉಳಿಯುತ್ತೆ ಮೇಡಂ. ಕೆಳಗಿಂದು ಅಂಬಲಿ ಆಗುತ್ತೆ."

"ಶನಿವಾರ ಅನ್ನ ಹೇಗಿತ್ತು?"

"ಚೆನ್ನಾಗೇ..." ಅವಳ ಮಾತು ಅಲ್ಲಿಗೇ ನಿಂತಿತು.

ದರ್ಜಿಯ ಮನೆಯವರ ಹೇಳಿಕೆಯಲ್ಲೂ ಅನ್ನದ ಬಗ್ಗೆ ಒಂದು ದೂರಿರಲಿಲ್ಲ. ಶನಿವಾರ ಅವಳು ಗೇಟಿನಿಂದ ಬಂದದ್ದು ಅನ್ನ ಇಳಿಸುವ ಹೊತ್ತಿಗೆ. ನಡುವೆ ಯಾರೋ ಅದನ್ನು ಮಗುಚಿದ್ದರು. ತಂಗಿ ಬುಟ್ಟಿಯನ್ನು ಕೆಳಗಿಟ್ಟು ಕಟ್ಟೆ ಹಿಡಿದುಕೊಂಡಳು. ಉತ್ತರ ಅವಳಿಗೆ ಇನ್‌ಸ್ಪೆಕ್ಟರ್‌ಗಿಂತ ಮೊದಲೇ ಹೊಳೆದಂತಿತ್ತು.

"ನಾನೇ ಮಗುಚಿದ್ದೆ" ಎಂದಳು. "ಮಧ್ಯೆ ಒಂದ್ಸಲ ಒಳಗೆ ಬಂದಿದ್ದೆ. ಹೇಳೋದು ಮರೆತಿತ್ತು."

ಹಾಗಿದ್ದರೆ ವಿಷದ ಬಟ್ಟಲ ಬಳಿ ಬಂದುಹೋದವಳು ನೀವೊಬ್ಬರೇ ಆಗುತ್ತೀರಿ, ಅರ್ಥವಾಯಿತೇ ಎಂದು ಇನ್‌ಸ್ಪೆಕ್ಟರ್ ನಿಧಾನವಾಗಿ ಕೇಳಿದರು. ಅವಳು ತಲೆಯಾಡಿಸಿದಳು. ಅತ್ತ ಹೆಡ್ ಕಾನ್‌ಸ್ಟೇಬಲ್ ಇದೇನು ಮಹಾ ಎಂದು ತಾನೂ ಬುಟ್ಟಿ ಜಾಡಿಸಿ ನೋಡಿದ. ಅರ್ಧ ಅನ್ನ ನೆಲಕ್ಕೆ, ಉಳಿದರ್ಧ ಒಬ್ಬ ಪಂಚರ ಚಪ್ಪಲಿಗೆ ಬಿತ್ತು. ಅದೂ ಪಂಚನಾಮೆಯಲ್ಲಿ ದಾಖಲಾಯಿತು.

ಇನ್‌ಸ್ಪೆಕ್ಟರ್ ಒಬ್ಬರೇ ಬಾರಿಗೆ ಬಂದು ಸ್ಟೂಲಿನ ಮೇಲೆ ಕೂತರು. ಅಕ್ಕ ಒರೆಸಿದ ಗ್ಲಾಸನ್ನೇ ಮತ್ತೆ ಒರೆಸುತ್ತಿದ್ದಳು.

"ಶನಿವಾರ ಅವರು ಗೇಟಿನ ಹತ್ರ ಇದ್ದಾಗ ಅನ್ನ ಮಗುಚಿದ್ದು ಯಾರು ಅಂತ ನಿಮ್ಮ ತಂಗೀನ ಕೇಳ್ದೆ."

ಗ್ಲಾಸು ನಿಂತಿತು. "ಏನಂದ್ಲು?"

"ನಾನೇ ಅಂದ್ರು."

ಅಕ್ಕನ ಮುಖಕ್ಕೆ ರಕ್ತವೇರಿತು. ಅಷ್ಟು ದಿನ ಬಾಯಿಗೆ ಹಾಕಿಕೊಂಡಿದ್ದ ಬೀಗ ಆ ಒಂದು ಮಾತಿಗೆ ಕಳಚಿತು.

"ಅದನ್ನೂ ಅವಳೇ ಮಾಡಿದ್ಲಂತಾ?" ಅವಳ ದನಿ ಏರಲಿಲ್ಲ, ನಡುಗಿತು. "ಅವಳು ಮಗುಚಿದ್ರೆ ಅಂಚು ಒಡೆಯುತ್ತೆ. ಇವತ್ತಿಂದೇ ಹೋಗಿ ನೋಡಿ. ಶನಿವಾರದ್ದು ಒಡೆದಿರಲಿಲ್ಲ. ಅದು ನನ್ನ ಕೈ. ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೇಬಲನ್ನು ಒಳಗೆ ಕರೆದರು. ಅಕ್ಕ ತಡೆಯಿಲ್ಲದೆ ಹೇಳುತ್ತ ಹೋದಳು. ಒಂದು ಚಮಚ ಹಾಕಿದರೆ ರುಚಿ ಕೆಟ್ಟು ಜನ ತಟ್ಟೆ ದೂಡುತ್ತಾರೆ, ಫೋಟೋದವರ ಎದುರೇ ದೂಡಲಿ ಎಂದಷ್ಟೇ ಅಂದುಕೊಂಡಿದ್ದಳು. ಕೈಯಲ್ಲಿದ್ದದ್ದು ಚಮಚಕ್ಕಿಂತ ಹೆಚ್ಚಾಯಿತು. ಹೊರಡುವಾಗ ಹಬೆಯ ವಾಸನೆ ತಾಕಿತು. ಮಗುಚುವ ಹೊತ್ತು ಮೀರುತ್ತಿದೆ ಎಂದು ಕೈಗೆ ಗೊತ್ತಾಯಿತು. ತಲೆಗೆ ಗೊತ್ತಾಗುವ ಮೊದಲೇ ಬುಟ್ಟಿ ಎತ್ತಿಯಾಗಿತ್ತು.

ಸಂಜೆ ಐದೂವರೆಗೆ ಅವಳನ್ನು ಬಂಧಿಸಿ ಠಾಣೆಗೆ ಕರೆತಂದರು. ಅದೇ ಹೊತ್ತಿಗೆ ಮುದುಕಿ ಕಣ್ಣು ತೆರೆದಳೆಂದು ಆಸ್ಪತ್ರೆಯಿಂದ ಸುದ್ದಿ ಬಂತು. ಅಕ್ಕ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

ಅಡಿಗೆಯನ್ನು ತಾಯಿ ಕಲಿಸಿದ್ದು ದೊಡ್ಡವಳಿಗೆ. ಚಿಕ್ಕವಳಿಗೆ ಕಲಿಸಿದ್ದು ದೊಡ್ಡವಳು. ಹೋಟೆಲು ತೆರೆದಾಗ ಬಾರಿಗೆ ಜನ ಸಿಗದೆ, ಒಂದು ತಿಂಗಳ ಮಟ್ಟಿಗೆಂದು ಅವಳೇ ಆಚೆ ಬಂದು ನಿಂತಳು. ಆ ತಿಂಗಳು ಮುಗಿಯಲೇ ಇಲ್ಲ. ಒಳಗೆ ಬಾ ಎಂದು ತಂಗಿ ಕರೆಯಲಿಲ್ಲ, ಬರುತ್ತೇನೆಂದು ಇವಳೂ ಬಾಯಿಬಿಟ್ಟು ಹೇಳಲಿಲ್ಲ. ಊಟ ಮುಗಿಸಿದವರು ಬಾರ್ ಕಟ್ಟೆಗೆ ಒರಗಿ, ನಿಮ್ಮ ತಂಗಿಯ ಕೈಗೆ ಬಂಗಾರದ ಬಳೆ ತೊಡಿಸಬೇಕು ಎನ್ನುವಾಗೆಲ್ಲ ಅವಳು ನಗುತ್ತ ಅವರ ಗ್ಲಾಸು ತುಂಬುತ್ತಿದ್ದಳು.

ನಿಯಮದ ಪ್ರಕಾರ ಬಂಧನದ ವಿಷಯವನ್ನು ಸಂಬಂಧಿಕರಿಗೆ ತಿಳಿಸಬೇಕು. ಯಾರಿಗೆ ಹೇಳಿಕಳಿಸಲಿ ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ಇರೋದು ಅವಳೊಬ್ಬಳೇ" ಎಂದಳು.

ಅವನು ಫೋನಿಗೆ ಕೈ ಹಾಕಲಿಲ್ಲ. ತಂಗಿ ಆಗಲೇ ಬಂದು ಜಗಲಿಯ ಬೆಂಚಿನ ಮೇಲೆ ಅಕ್ಕನ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.